ಒಂದು ಡಬ್ಬಿ! ಒಳಗೆಷ್ಟು ಕಂಪ್ಯೂಟರ್? ಊಹಿಸಿ!

ನನ್ನ ಮೇಜಿನ ಕೆಳಗೊಂದು ಕಪ್ಪು ಡಬ್ಬಿ ಇದೆ. ಒಂದೇ ಪವರ್ ವೈರು. ಒಂದೇ ನೆಟ್‌ವರ್ಕ್ ಕೇಬಲ್ಲು. ಒಂದೇ ಫ್ಯಾನು ಗುಂಯ್‌ಗುಡುತ್ತಿದೆ. ಹೇಳಿ ನೋಡೋಣ, ಒಳಗೆ ಎಷ್ಟು ಕಂಪ್ಯೂಟರ್‌ಗಳಿವೆ?

ಒಂದು ಅಂದಿರಾ? ತಪ್ಪು!

ಎರಡು? ಮೂರು? ಇನ್ನೂ ಮೇಲೆ ಬನ್ನಿ!

ಈ ಸಾಲು ಬರೆಯುವ ಹೊತ್ತಿಗೆ ಒಂಬತ್ತು! ಒಂಬತ್ತಕ್ಕೂ ತಮ್ಮದೇ ಹೆಸರು, ತಮ್ಮದೇ ಮೆಮೊರಿ, ತಮ್ಮದೇ ಡಿಸ್ಕು, ತಮ್ಮದೇ ವಿಳಾಸ. ಒಂದರಲ್ಲಿ ಉಬುಂಟು, ಇನ್ನೊಂದರಲ್ಲಿ ಡೆಬಿಯನ್, ಮತ್ತೊಂದರಲ್ಲಿ ವಿಂಡೋಸ್. ನಮ್ಮ ಹಳೇ ವಠಾರಗಳ ಹಾಗೆ: ಬೀದಿಗೆ ಒಂದೇ ಗೇಟು, ಒಳಗೆ ಒಂಬತ್ತು ಸಂಸಾರ! ವ್ಯತ್ಯಾಸ ಒಂದೇ. ಇಲ್ಲಿ ಒಂದು ಮನೆಯವರಿಗೆ ಪಕ್ಕದಲ್ಲಿ ಇನ್ನೊಂದು ಮನೆ ಇದೆಯೆಂಬುದೇ ಗೊತ್ತಿಲ್ಲ.

ಇವೇ ವರ್ಚುವಲ್ ಮಷೀನ್‌ಗಳು, ಬಾಯಿಮಾತಿನಲ್ಲಿ ವಿಎಂಗಳು. ಲಿನಕ್ಸ್ ಬಲ್ಲವರು ಇವನ್ನು ಗೆಸ್ಟ್ ಅನ್ನುತ್ತಾರೆ. ಅಂದರೆ ಅತಿಥಿ! ಡಬ್ಬಿ ಹೋಸ್ಟ್. ಅಂದರೆ ಮನೆಯೊಡೆಯ!

ಈಗ ಎರಡನೇ ಸವಾಲು. ಈ ಒಂಬತ್ತು ಅತಿಥಿಗಳು ಡಬ್ಬಿಯೊಳಗೆ ಎಲ್ಲಿ ಕೂತಿದ್ದಾರೆ?

ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆಯಿರಿ. ಒಂದು ಬೋರ್ಡು, ಒಂದು ಪ್ರೊಸೆಸರ್, 16 ಜಿಬಿ ಮೆಮೊರಿ. ಅಷ್ಟೇ! ಅತಿಥಿಗಳ ಸುಳಿವೇ ಇಲ್ಲ. ಮುಚ್ಚಳ ಮುಚ್ಚಿ. ಹೋಸ್ಟ್‌ನ ಕಪ್ಪು ಪರದೆಯಲ್ಲಿ 'ಟಾಪ್' ಎಂದು ಟೈಪ್ ಮಾಡಿ. ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ಇಳಿಯುತ್ತದೆ. ನಡುವೆ ಕಣ್ಣಾಡಿಸಿ. ಸಿಕ್ಕವೇ?

ಒಂಬತ್ತು ಸಾಲು!

ಹೌದು, ಒಂದು ಇಡೀ ಕಂಪ್ಯೂಟರ್ ಅಂದರೆ ಇಲ್ಲಿ ಒಂದು ಸಾಲು! ಬ್ರೌಸರ್ ಹೇಗೆ ಒಂದು ಪ್ರೊಸೆಸ್ಸೋ ಇದೂ ಹಾಗೆಯೇ ಒಂದು ಪ್ರೊಸೆಸ್. ಅತಿಥಿಗೆ ಎರಡು ಸಿಪಿಯು ಕೊಟ್ಟಿದ್ದೀರಾ? ಹೋಸ್ಟ್‌ನ ಕಣ್ಣಿಗೆ ಅವು ಎರಡು ಥ್ರೆಡ್‌ಗಳು. ಬ್ರೌಸರ್‌ಗೆ ಸರದಿ ಹಂಚುವ ಅದೇ ಲಿನಕ್ಸ್ ಶೆಡ್ಯೂಲರ್ ಈ ಕಂಪ್ಯೂಟರ್‌ಗಳಿಗೂ ಸರದಿ ಹಂಚುತ್ತದೆ. ಮೊದಲ ಸಲ ಇದನ್ನು ಕಂಡಾಗ ನಾನು ಕುರ್ಚಿಯಿಂದ ಎದ್ದೇ ನಿಂತಿದ್ದೆ!

ಇನ್ನು ಅತಿಥಿಯನ್ನೇ ಮಾತಾಡಿಸೋಣ. ಒಂದರೊಳಗೆ ಲಾಗಿನ್ ಆಗಿ ಕೇಳಿ: ನಿನ್ನ ಮದರ್‌ಬೋರ್ಡ್ ಯಾವುದಪ್ಪಾ?

ಅದು ಗಂಭೀರವಾಗಿ ಹೇಳುತ್ತದೆ: ಇಂಟೆಲ್ 440ಎಫ್‌ಎಕ್ಸ್.

ಆ ಚಿಪ್‌ಸೆಟ್ ಯಾವ ವರ್ಷದ್ದು, ಊಹಿಸಿ. 2015? 2010? ಇನ್ನೂ ಹಿಂದೆ ಹೋಗಿ!

1996!

ಇವತ್ತಿನ ಪ್ರೊಸೆಸರ್ ಮೇಲೆ ಇವತ್ತಿನ ಲಿನಕ್ಸ್ ಓಡುತ್ತಿದೆ. ಕಾಲ ಕೆಳಗೆ ಮಾತ್ರ 1996ರ ಬೋರ್ಡ್ ಇದೆಯೆಂದು ನಂಬಿ ಕೂತಿದೆ! ಆ ಬೋರ್ಡಿನ ವೇಷ ಹಾಕಿ ನಿಂತಿರುವುದು ಕ್ಯೂಎಮು ಎಂಬ ತಂತ್ರಾಂಶ. ಅತಿಥಿ ಏನು ಕೇಳಿದರೂ 440ಎಫ್‌ಎಕ್ಸ್ ಹೇಗೆ ಉತ್ತರಿಸುತ್ತಿತ್ತೋ ಹಾಗೆಯೇ ಉತ್ತರಿಸುತ್ತದೆ. ಯಕ್ಷಗಾನದ ವೇಷಧಾರಿ ರಂಗದ ಮೇಲಿರುವಷ್ಟು ಹೊತ್ತೂ ರಾವಣನೇ ಆಗಿರುತ್ತಾನಲ್ಲ, ಹಾಗೆ! ಬೇಕೆಂದರೆ ವೇಷ ಬದಲಿಸಬಹುದು. ಕ್ಯೂ35 ಎಂದು ಕೇಳಿ, 2007ರ ಬೋರ್ಡಾಗಿ ನಿಲ್ಲುತ್ತದೆ.

ಕ್ಯೂಎಮುವನ್ನು 2003ರಲ್ಲಿ ಹೊರತಂದವರು ಫ್ರಾನ್ಸ್‌ನ ಫ್ಯಾಬ್ರಿಸ್ ಬೆಲ್ಲಾರ್. ಜಗತ್ತಿನ ಲೆಕ್ಕವಿಲ್ಲದಷ್ಟು ವಿಡಿಯೊಗಳನ್ನು ಒಂದು ನಮೂನೆಯಿಂದ ಇನ್ನೊಂದಕ್ಕೆ ಬದಲಿಸುವ ಎಫ್‌ಎಫ್‌ಎಂಪೆಗ್ ಶುರುಮಾಡಿದವರೂ ಅವರೇ! 2009ರಲ್ಲಿ ಒಂದು ಸಾಮಾನ್ಯ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಪೈ ಸಂಖ್ಯೆಯನ್ನು ಸುಮಾರು 2.7 ಲಕ್ಷ ಕೋಟಿ ಅಂಕಿಗಳವರೆಗೆ ಲೆಕ್ಕ ಹಾಕಿದವರೂ ಅವರೇ! ಒಬ್ಬ ಮನುಷ್ಯ, ಇಷ್ಟೆಲ್ಲ!

ಆದರೆ ವೇಷಕ್ಕೆ ಒಂದು ಬೆಲೆಯಿತ್ತು. ನಿಧಾನ! ಅತಿಥಿಯ ಪ್ರತಿ ಆಜ್ಞೆಯನ್ನೂ ಕ್ಯೂಎಮು ಅನುವಾದಿಸಬೇಕಿತ್ತು. ನೇರವಾಗಿ ಪ್ರೊಸೆಸರ್ ಕೈಗೇ ಕೊಟ್ಟುಬಿಡಬಹುದಿತ್ತಲ್ಲ? ಆಗುತ್ತಿರಲಿಲ್ಲ. ಯಾಕೆ?

2000ದಲ್ಲಿ ಇಬ್ಬರು ಸಂಶೋಧಕರು ಪೆಂಟಿಯಂ ಪ್ರೊಸೆಸರ್‌ನ ಸುಮಾರು 250 ಆಜ್ಞೆಗಳನ್ನು ಒಂದೊಂದಾಗಿ ಜಾಲಾಡಿದರು. ದಾರಿಗೆ ಅಡ್ಡ ನಿಂತವು ಎಷ್ಟು ಗೊತ್ತೇ?

17! ಬರೀ 17!

ಕೆಲವು ಮನೆಯೊಡೆಯನ ಗುಟ್ಟನ್ನು ಅತಿಥಿಗೆ ಹೇಳಿಬಿಡುತ್ತಿದ್ದವು. 'ಪಾಪ್‌ಎಫ್' ಎಂಬುದಂತೂ ಮಹಾ ಮೌನಿ! ಅಧಿಕಾರವಿಲ್ಲದ ಅತಿಥಿ ಅದರ ಮೂಲಕ ಇಂಟರಪ್ಟ್ ನಿಲ್ಲಿಸಲು ಹೊರಟರೆ ಪ್ರೊಸೆಸರ್ ಆ ಮಾತನ್ನು ನಡೆಸುತ್ತಲೂ ಇರಲಿಲ್ಲ, ತಪ್ಪೆಂದು ಕೂಗುತ್ತಲೂ ಇರಲಿಲ್ಲ. ಸುಮ್ಮನೆ ಮುಂದೆ ಹೋಗುತ್ತಿತ್ತು! ಕೂಗಿದ್ದರೆ ಮನೆಯೊಡೆಯ ಓಡಿಬಂದು ಸಂಭಾಳಿಸುತ್ತಿದ್ದ. ಕೂಗದಿದ್ದರೆ ಅವನಿಗೆ ತಿಳಿಯುವುದಾದರೂ ಹೇಗೆ?

2005ರ ನವೆಂಬರ್‌ನಲ್ಲಿ ಇಂಟೆಲ್, 2006ರಲ್ಲಿ ಎಎಂಡಿ ಪ್ರೊಸೆಸರ್‌ನೊಳಗೇ ಹೊಸ ಬಾಗಿಲು ಕೊರೆದವು. ಅತಿಥಿಗೆಂದೇ ಒಂದು ಸ್ಥಿತಿ! ಅಲ್ಲಿ ಅತಿಥಿ ತಾನೇ ರಾಜನೆಂಬಂತೆ ನೇರವಾಗಿ, ಪೂರ್ಣ ವೇಗದಲ್ಲಿ ಓಡಬಹುದು. ಎಲ್ಲೆ ಮೀರಿದ ಕ್ಷಣ ಪ್ರೊಸೆಸರ್ ಅವನನ್ನು ತಡೆದು ಮನೆಯೊಡೆಯನ ಮುಂದೆ ನಿಲ್ಲಿಸುತ್ತದೆ.

ಆ ಬಾಗಿಲಿಗೆ ಲಿನಕ್ಸ್ ಕಡೆಯಿಂದ ಕೀಲಿಕೈ ಮಾಡಿದ್ದು ಕುಮ್ರಾನೆಟ್ ಎಂಬ ಪುಟ್ಟ ಇಸ್ರೇಲಿ ಕಂಪನಿ. ಅಲ್ಲಿನ ಅವಿ ಕಿವಿಟಿ 2006ರ ಅಕ್ಟೋಬರ್‌ನಲ್ಲಿ ಕೆವಿಎಂ ಎಂಬ ಕೋಡನ್ನು ಲಿನಕ್ಸ್ ಬಳಗದ ಮುಂದಿಟ್ಟರು. ಲಿನಕ್ಸ್ ಕರ್ನಲ್ ಒಳಗೆ ಜಾಗ ಸಿಗಲು ಎಷ್ಟು ಕಾಲ ಹಿಡಿಯಿತು? ಎರಡು ವರ್ಷ? ಒಂದು ವರ್ಷ?

ನಾಲ್ಕೇ ತಿಂಗಳು! 2007ರ ಫೆಬ್ರವರಿಯಲ್ಲಿ ಬಂದ 2.6.20 ಆವೃತ್ತಿಯಲ್ಲಿ ಕೆವಿಎಂ ಕೂತೇಬಿಟ್ಟಿತು!

ಜಾಣ್ಮೆ ನೋಡಿ. ಸರದಿ ಹಂಚುವವನು ಬೇಕೇ? ಲಿನಕ್ಸ್‌ನಲ್ಲಿ ಇದ್ದಾನೆ. ಮೆಮೊರಿ ನೋಡಿಕೊಳ್ಳುವವನು? ಅವನೂ ಇದ್ದಾನೆ. ಹಾಗಾದರೆ ಹೊಸದಾಗಿ ಕಟ್ಟುವುದೇಕೆ? ಅತಿಥಿಯನ್ನು ಒಂದು ಪ್ರೊಸೆಸ್ ಮಾಡಿ ಲಿನಕ್ಸ್ ಕೈಗೆ ಒಪ್ಪಿಸಿದರಾಯಿತು! ಆ ಒಂಬತ್ತು ಸಾಲುಗಳು ಹುಟ್ಟಿದ್ದು ಹೀಗೆ. 2008ರಲ್ಲಿ ರೆಡ್ ಹ್ಯಾಟ್ ಈ ಕಂಪನಿಯನ್ನೇ ಕೊಂಡಿತು. ಕೊಟ್ಟದ್ದು 10.7 ಕೋಟಿ ಡಾಲರ್!

ನಿಮ್ಮ ಕಂಪ್ಯೂಟರಿನಲ್ಲಿ ಆ ಬಾಗಿಲು ಇದೆಯೇ? ಈಗಲೇ ನೋಡಿ! ಲಿನಕ್ಸ್‌ನಲ್ಲಿ 'ಪ್ರಾಕ್' ಡೈರೆಕ್ಟರಿಯ 'ಸಿಪಿಯುಇನ್ಫೊ' ಫೈಲ್ ತೆರೆಯಿರಿ. ಇಂಟೆಲ್ ಆದರೆ 'ವಿಎಂಎಕ್ಸ್', ಎಎಂಡಿ ಆದರೆ 'ಎಸ್‌ವಿಎಂ' ಎಂಬ ಮೂರಕ್ಷರ ಹುಡುಕಿ. ಸಿಕ್ಕಿತೇ? ನಿಮ್ಮದೂ ವಠಾರವೇ! ಸಿಕ್ಕರೂ ಕೆಲಸ ಮಾಡದಿದ್ದರೆ ಬಯಾಸ್‌ನಲ್ಲಿ ಬಾಗಿಲಿಗೆ ಚಿಲಕ ಹಾಕಿರಬಹುದು. ಹೋಗಿ ತೆಗೆಯಿರಿ!

ಈಗ ನನಗೆ ನಿದ್ದೆಗೆಡಿಸಿದ ವಿಷಯಕ್ಕೆ ಬರೋಣ.

ಹತ್ತನೇ ಕಂಪ್ಯೂಟರ್ ಬೇಕು. ಏನು ಮಾಡಬೇಕು? ಅಂಗಡಿಗೆ ಹೋಗಬೇಕೇ? ಬೇಡ! ಬರೆಯಬೇಕು!

ಹೌದು, ಬರೆಯಬೇಕು! ಲಿಬ್‌ವರ್ಟ್ ಎಂಬ ಮೇಲ್ವಿಚಾರಕ ಪ್ರತಿ ಅತಿಥಿಯನ್ನೂ ಒಂದು ಎಕ್ಸ್‌ಎಂಎಲ್ ಫೈಲ್‌ನಲ್ಲಿ ಬರೆದಿಡುತ್ತಾನೆ. ಹೆಸರು: ಮಲ್ಲಿಗೆ. ಮೆಮೊರಿ: 2 ಜಿಬಿ. ಸಿಪಿಯು: 2. ಡಿಸ್ಕು: ಇಂಥಾ ಫೈಲು. ನೆಟ್‌ವರ್ಕ್ ಕಾರ್ಡು: ಒಂದು. ಓದಲು ಬರುವ ಸಾದಾ ಅಕ್ಷರಗಳು! ನೂರು ಚಿಲ್ಲರೆ ಸಾಲಿನಲ್ಲಿ ಒಂದು ಇಡೀ ಕಂಪ್ಯೂಟರಿನ ಜಾತಕ!

ಲಿಬ್‌ವರ್ಟ್‌ಗೆ ಆಜ್ಞೆ ಕೊಡುವ ಸಾಧನದ ಹೆಸರು ವಿರ್ಶ್. 'ವಿರ್ಶ್ ಡಿಫೈನ್' ಅನ್ನಿ, ಆ ಕಂಪ್ಯೂಟರ್ ಇದೆಯೆಂದಾಯಿತು. 'ವಿರ್ಶ್ ಸ್ಟಾರ್ಟ್ ಮಲ್ಲಿಗೆ' ಅನ್ನಿ, ಮಲ್ಲಿಗೆ ಕಣ್ಣು ಬಿಟ್ಟಿತು! 'ಆಟೊಸ್ಟಾರ್ಟ್' ಅನ್ನಿ, ಕರೆಂಟು ಹೋಗಿ ಬಂದು ಡಬ್ಬಿ ಎದ್ದಾಗ ಅದೂ ತಾನಾಗಿ ಏಳುತ್ತದೆ. 'ಎಡಿಟ್' ಅನ್ನಿ, 2 ಇದ್ದಲ್ಲಿ 4 ಎಂದು ತಿದ್ದಿ. ಮುಂದಿನ ಸಲ ಏಳುವಾಗ ನಾಲ್ಕು ಸಿಪಿಯು! ಒಂದಂಕಿ ತಿದ್ದಿದ್ದಕ್ಕೆ ಎರಡು ಪ್ರೊಸೆಸರ್!

ಒಂದು ಒಗಟು. ವಿರ್ಶ್‌ನಲ್ಲಿ 'ಡೆಸ್ಟ್ರಾಯ್' ಎಂಬ ಆಜ್ಞೆಯಿದೆ. 'ಮಲ್ಲಿಗೆ' ಮೇಲೆ ಪ್ರಯೋಗಿಸಿದರೆ ಏನಾಗುತ್ತದೆ?

ನಾಶವಾಗುತ್ತದೆ ಅಂದಿರಾ? ಇಲ್ಲ! ಗೋಡೆಯಿಂದ ಪ್ಲಗ್ ಕಿತ್ತ ಹಾಗೆ, ಅಷ್ಟೇ! ಬರೆಯುತ್ತಿದ್ದ ಫೈಲು ಹಾಳಾಗಬಹುದು, ಆದರೆ ಮಲ್ಲಿಗೆ ಎಲ್ಲೂ ಹೋಗಿಲ್ಲ. ಮತ್ತೆ 'ಸ್ಟಾರ್ಟ್' ಅನ್ನಿ, ಏಳುತ್ತದೆ! ನಿಜಕ್ಕೂ ಅಳಿಸುವ ಮಾತು ಎಷ್ಟು ಮೆತ್ತಗಿದೆ ನೋಡಿ: 'ಅನ್‌ಡಿಫೈನ್'. ಅಂದರೆ ಜಾತಕ ಹರಿಯುವುದು. ಬರೆದದ್ದನ್ನು ಅಳಿಸಿದಾಗ ಮಾತ್ರ ಕಂಪ್ಯೂಟರ್ ಇಲ್ಲವಾಗುತ್ತದೆ! ಆಗಲೂ ಡಿಸ್ಕಿನ ಫೈಲು ಹಾಗೆಯೇ ಉಳಿಯುತ್ತದೆ. ಬೇರೆ ಜಾತಕ ಬರೆದು ಅದಕ್ಕೆ ಜೋಡಿಸಬಹುದು!

ಡಿಸ್ಕು ಅಂದೆನಲ್ಲ. ಮಲ್ಲಿಗೆಗೆ 20 ಜಿಬಿ ಡಿಸ್ಕು ಮಾಡಿಕೊಟ್ಟೆ. ಹೊಚ್ಚಹೊಸದಾಗಿದ್ದಾಗ ಅದು ನನ್ನ ಡಬ್ಬಿಯಲ್ಲಿ ತಿಂದ ಜಾಗವೆಷ್ಟು? 20 ಜಿಬಿ? 10?

ಸುಮಾರು 200 ಕೆಬಿ! ಒಂದು ಸಣ್ಣ ಫೋಟೊದಷ್ಟು!

ಇದು ಕ್ಯೂಕೌ2 ಎಂಬ ನಮೂನೆಯ ಕೈಚಳಕ. ಅತಿಥಿ ಎಷ್ಟು ಬರೆಯುತ್ತಾನೋ ಅಷ್ಟೇ ಬೆಳೆಯುತ್ತದೆ. 64 ಕೆಬಿ, 64 ಕೆಬಿ ತುಣುಕುಗಳಾಗಿ! ಅತಿಥಿಯ ಪಾಲಿಗೆ ಮಾತ್ರ ಮೊದಲ ದಿನದಿಂದಲೂ 20 ಜಿಬಿಯ ಬಯಲು.

ತಾಳಿ, ಇನ್ನೂ ಇದೆ! ಮಲ್ಲಿಗೆಯಲ್ಲಿ ಡೆಬಿಯನ್ ಹಾಕಿ, ಬೇಕಾದ್ದೆಲ್ಲ ಸಿದ್ಧಪಡಿಸಿ ಆರಿಸಿದೆ. ಅದರ ಡಿಸ್ಕನ್ನು ಮೂಲಪ್ರತಿಯಾಗಿ ಇಟ್ಟುಕೊಂಡು, ಮೇಲೆ ಐದು ತೆಳು ಪದರಗಳನ್ನು ಮಾಡಿದೆ: ಸಂಪಿಗೆ, ಕೇದಿಗೆ, ಸೇವಂತಿಗೆ, ಕನಕಾಂಬರ, ಪಾರಿಜಾತ. ಪ್ರತಿ ಪದರವೂ ಶುರುವಿನಲ್ಲಿ ಅದೇ ಸುಮಾರು 200 ಕೆಬಿ! ಬದಲಾದದ್ದು ಮಾತ್ರ ಪದರದಲ್ಲಿ. ಬದಲಾಗದ್ದೆಲ್ಲ ಮೂಲದಿಂದಲೇ ಓದು. ಚಹಾ ಆರುವುದರೊಳಗೆ ಐದು ಹೊಸ ಕಂಪ್ಯೂಟರ್!

ಮಲ್ಲಿಗೆ ಇನ್ನು ಬರೀ ಮೂಲಪ್ರತಿ, ಎಣಿಕೆಗಿಲ್ಲ. ಒಂಬತ್ತು ಮತ್ತು ಐದು, ಹದಿನಾಲ್ಕು. ಈ ಸಂಖ್ಯೆ ನೆನಪಿಡಿ. ಮುಂದೆ ಕೇಳುತ್ತೇನೆ!

ಹೊಸ ಐವರಿಗೂ ವಿಳಾಸ ಕೊಟ್ಟವರು ಯಾರು? ಯಾರೂ ತಂತಿ ಎಳೆಯಲಿಲ್ಲ, ಸ್ವಿಚ್ ಕೊಳ್ಳಲಿಲ್ಲ. ಲಿಬ್‌ವರ್ಟ್ ತಾನೇ ಒಂದು ಸ್ವಿಚ್ಚನ್ನೂ ಬರೆದುಕೊಂಡಿದೆ! ಹೆಸರು ವಿರ್‌ಬಿಆರ್ ಸೊನ್ನೆ, ಮನೆಯೊಡೆಯನ ವಿಳಾಸ 192.168.122.1. ಬಂದ ಅತಿಥಿಗೆಲ್ಲ ಅದೇ ಸಾಲಿನ ಒಂದೊಂದು ನಂಬರು. ಎಲ್ಲರ ನೆಟ್‌ವರ್ಕ್ ಕಾರ್ಡಿನ ಗುರುತೂ 52:54:00 ಎಂದೇ ಶುರು. ಯಾವ ಕಾರ್ಖಾನೆಯಲ್ಲೂ ಹುಟ್ಟದ ಕಾರ್ಡುಗಳು!

ಈಗ ಒಂದು ಲೆಕ್ಕ ಹಾಕಿ. ಹದಿನಾಲ್ವರಿಗೂ ತಲಾ 2 ಜಿಬಿ ಮೆಮೊರಿ ಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ. ಒಟ್ಟು 28 ಜಿಬಿ. ಡಬ್ಬಿಯಲ್ಲಿ ಇರುವುದು? 16! ಇದು ಹೇಗೆ ಸಾಧ್ಯ?

ಮೊದಲ ಗುಟ್ಟು: ಮೆಮೊರಿಯ ಒಂದೊಂದು ತುಣುಕಿಗೆ ಪುಟ ಎಂದು ಹೆಸರು; ಅತಿಥಿ ಮುಟ್ಟಿದ ಪುಟಕ್ಕೆ ಮಾತ್ರ ನಿಜವಾದ ಮೆಮೊರಿ ಸಿಗುತ್ತದೆ.

ಎರಡನೆಯದು ಬಲೂನು! ಅತಿಥಿಯೊಳಗೆ ಒಂದು ಪುಟ್ಟ ಡ್ರೈವರ್ ಬಲೂನಿನಂತೆ ಉಬ್ಬುತ್ತದೆ. ಅದು ಹಿಡಿದ ಮೆಮೊರಿಯನ್ನು ಅತಿಥಿ ಬೇರಾವುದಕ್ಕೂ ಬಳಸುವಂತಿಲ್ಲ. ಬಲೂನು ಅದನ್ನು ಗುಟ್ಟಾಗಿ ಮನೆಯೊಡೆಯನಿಗೆ ದಾಟಿಸುತ್ತದೆ. ಬಲೂನು ಕುಗ್ಗಿತೋ, ಮೆಮೊರಿ ವಾಪಸ್. ಎಲ್ಲವೂ ಅತಿಥಿ ಓಡುತ್ತಿರುವಾಗಲೇ!

ಮೂರನೆಯದು ಕೆಎಸ್‌ಎಂ. 2009ರಲ್ಲಿ ಲಿನಕ್ಸ್ 2.6.32ರ ಜೊತೆ ಬಂತು. ಹೋಸ್ಟ್ ಎಲ್ಲ ಅತಿಥಿಗಳ ಮೆಮೊರಿ ಪುಟಗಳನ್ನು ತಾಳೆ ನೋಡುತ್ತ ಸಾಗುತ್ತದೆ. ಅಕ್ಷರ ಅಕ್ಷರ ಒಂದೇ ಆಗಿರುವ ಎರಡು ಪುಟ ಸಿಕ್ಕರೆ? ಒಂದನ್ನು ಇಟ್ಟುಕೊಂಡು ಇನ್ನೊಂದರ ಜಾಗ ಬಿಡಿಸಿಕೊಳ್ಳುತ್ತದೆ! ಯಾರಾದರೂ ಆ ಪುಟಕ್ಕೆ ಹೊಸದು ಬರೆಯಹೊರಟರೆ, ಆ ಕ್ಷಣವೇ ಅವರಿಗೆ ಬೇರೆ ಪ್ರತಿ ತೆಗೆದು ಕೊಡುತ್ತದೆ.

ಇದರ ಬಲ ಎಷ್ಟು? 16 ಜಿಬಿಯ ಒಂದು ಸರ್ವರ್. ಅದರಲ್ಲಿ ತಲಾ 1 ಜಿಬಿಯ ವಿಂಡೋಸ್ ಎಕ್ಸ್‌ಪಿ ಅತಿಥಿಗಳು. ಕೆಎಸ್‌ಎಂ ಬಂದಾಗ ಎಷ್ಟನ್ನು ಓಡಿಸಿ ತೋರಿಸಿದರು? ಹದಿನಾರು? ಇಪ್ಪತ್ತು? ಮೂವತ್ತು?

52! ಐವತ್ತೆರಡು! ಕೊಳಗದಲ್ಲಿ ಖಂಡುಗ ಹಿಡಿಸಿದ ಹಾಗೆ!

ಉಸಿರು ಬಿಡಿ. ಈಗ ಕಾಲದ ಆಟ.

ಸಂಪಿಗೆಯೊಳಗೆ ಒಂದು ಪತ್ರ ಟೈಪ್ ಮಾಡುತ್ತಿದ್ದೆ. ವಾಕ್ಯದ ನಡುವೆ ಕೈ ತೆಗೆದೆ. ಹೋಸ್ಟ್‌ಗೆ ಬಂದು 'ಮ್ಯಾನೇಜ್ಡ್‌ಸೇವ್' ಅಂದೆ. ಸಂಪಿಗೆಯ ಇಡೀ ಮೆಮೊರಿ ಒಂದು ಫೈಲಾಗಿ ಡಿಸ್ಕಿಗೆ ಇಳಿಯಿತು. ಡಬ್ಬಿಯನ್ನೇ ಆರಿಸಿದೆ. ವೈರು ಕಿತ್ತೆ. ಮಲಗಿದೆ.

ಬೆಳಿಗ್ಗೆ ಡಬ್ಬಿ ಎಬ್ಬಿಸಿ 'ಸ್ಟಾರ್ಟ್ ಸಂಪಿಗೆ' ಅಂದರೆ, ಅದೇ ಅರ್ಧ ವಾಕ್ಯ! ಅದೇ ಅಕ್ಷರದ ಪಕ್ಕ ಅದೇ ಕರ್ಸರ್ ಮಿನುಗುತ್ತಿದೆ! ಸಂಪಿಗೆಯ ಪಾಲಿಗೆ ಆ ರಾತ್ರಿ ನಡೆದೇ ಇಲ್ಲ. ಅದರ ಗಡಿಯಾರ ಮಾತ್ರ ಒಂದು ರಾತ್ರಿ ಹಿಂದೆ ಬಿದ್ದಿತ್ತು. ನೆಟ್‌ವರ್ಕಿನಿಂದ ಸಮಯ ಕೇಳಿ ಸರಿಮಾಡಿಕೊಂಡಿತು.

ಕೇದಿಗೆಯ ಮೇಲೆ ಇನ್ನೂ ಕ್ರೂರ ಪ್ರಯೋಗ! ಮೊದಲು ಒಂದು ಸ್ನ್ಯಾಪ್‌ಶಾಟ್ ತೆಗೆದೆ. ಆಮೇಲೆ ಒಳಗೆ ಹೋಗಿ ಇಡೀ ಫೈಲ್ ಸಿಸ್ಟಂ ಅಳಿಸಿದೆ. ಬೇರಿನಿಂದಲೇ! ಆಜ್ಞೆಗಳು ಒಂದೊಂದಾಗಿ ಸಾಯತೊಡಗಿದವು. ಫೈಲುಗಳ ಪಟ್ಟಿ ಕೇಳಿದರೆ, ಆ ಆಜ್ಞೆಯೇ ಇಲ್ಲ ಎಂಬ ಉತ್ತರ! ಹೋಸ್ಟ್‌ಗೆ ಬಂದು 'ರಿವರ್ಟ್' ಅಂದೆ.

ಬಂತು! ಎಲ್ಲವೂ! ಏನೂ ಆಗಿಲ್ಲವೆಂಬಂತೆ ಕೇದಿಗೆ ಮುಂದಿನ ಆಜ್ಞೆಗೆ ಕಾಯುತ್ತ ನಿಂತಿತ್ತು. ಕಲಿಯುವವರಿಗೆ ಇದಕ್ಕಿಂತ ದೊಡ್ಡ ವರ ಬೇಕೇ? ತಪ್ಪು ಮಾಡಲು ಭಯವೇ ಇಲ್ಲದ ಕಂಪ್ಯೂಟರ್!

ಕಾಲ ಆಯಿತು. ಇನ್ನು ದೇಶ! ಓಡುತ್ತಿರುವ ಕಂಪ್ಯೂಟರ್ ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ, ನಿಲ್ಲದೆ, ಜಿಗಿಯಬಲ್ಲುದೇ?

ಜಿಗಿಯುತ್ತದೆ! ನಮ್ಮ ಕಥೆಗಳ ಪರಕಾಯ ಪ್ರವೇಶವೇ! ಲಿನಕ್ಸ್ ಜನ ಇದನ್ನು ಲೈವ್ ಮೈಗ್ರೇಶನ್ ಅನ್ನುತ್ತಾರೆ. ಅತಿಥಿ ಕೆಲಸ ಮಾಡುತ್ತಿರುವಾಗಲೇ ಅವನ ಮೆಮೊರಿ ಪುಟಪುಟವಾಗಿ ಆಚೆಗೆ ನಕಲಾಗುತ್ತದೆ. ನಕಲಿನ ನಡುವೆ ಬದಲಾದ ಪುಟಗಳು ಮತ್ತೊಮ್ಮೆ. ಅದರ ನಡುವೆ ಬದಲಾದವು ಇನ್ನೊಮ್ಮೆ. ಉಳಿದದ್ದು ಹಿಡಿಯಷ್ಟಾದಾಗ ಒಂದು ಗಳಿಗೆ ಸ್ತಬ್ಧ. ಹಿಡಿಯನ್ನೂ ದಾಟಿಸು. ಆ ಕಡೆ ಕಣ್ಣು ಬಿಡು!

ಆ ಗಳಿಗೆ ಎಷ್ಟು ಉದ್ದ? 2005ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಝೆನ್ ಎಂಬ ಇನ್ನೊಂದು ವಿಎಂ ತಂತ್ರಾಂಶದ ತಂಡದವರು ಕ್ವೇಕ್ 3 ಎಂಬ ಗುಂಡಿನ ಕಾಳಗದ ಆಟದ ಸರ್ವರನ್ನು ಹೀಗೆ ದಾಟಿಸಿದರು. ಆಟಗಾರರು ಒಳಗೆ ಕಾದಾಡುತ್ತಲೇ ಇದ್ದರು! ಸರ್ವರ್ ನಿಂತದ್ದು ಎಷ್ಟು ಹೊತ್ತು? ಐದು ಸೆಕೆಂಡು? ಒಂದು?

60 ಮಿಲಿಸೆಕೆಂಡು! ನೀವು ರೆಪ್ಪೆ ಮುಚ್ಚಿ ತೆರೆಯಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು! ಇವತ್ತು ಕೆವಿಎಂನಲ್ಲಿ ಅದು ಒಂದು ಸಾಲಿನ ಆಜ್ಞೆ: 'ವಿರ್ಶ್ ಮೈಗ್ರೇಟ್ ಲೈವ್'.

ಹದಿನಾಲ್ಕು ನೆನಪಿದೆಯಲ್ಲ? ಈಗ ಕೇಳುತ್ತೇನೆ. ಒಂದೇ ಯಂತ್ರದಲ್ಲಿ ಹಲವು ಕಂಪ್ಯೂಟರ್‌ಗಳೆಂಬ ಈ ಮಾಯೆ ಮೊದಲು ನಡೆದದ್ದು ಯಾವಾಗ? 2003? 1998? 1985?

1967! ಮನುಷ್ಯ ಚಂದ್ರನ ಮೇಲೆ ಕಾಲಿಡುವ ಮೊದಲೇ! ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಐಬಿಎಂ ಎಂಜಿನಿಯರರು ಆ ವರ್ಷದ ಜನವರಿಯಲ್ಲಿ ಸಿಪಿ-40 ಎಂಬ ವ್ಯವಸ್ಥೆಯನ್ನು ಬಳಕೆಗೆ ತಂದರು. ಪ್ರತಿ ಅತಿಥಿಗೆ ಮೆಮೊರಿ ಎಷ್ಟು ಗೊತ್ತೇ? 256 ಕೆಬಿ! ಮಲ್ಲಿಗೆಯ ಖಾಲಿ ಡಿಸ್ಕಿನ ಗಾತ್ರಕ್ಕೆ ಹತ್ತಿರ ಹತ್ತಿರ! ಮತ್ತೆ ಒಟ್ಟಿಗೆ ಎಷ್ಟು ಅತಿಥಿಗಳು?

ಹದಿನಾಲ್ಕು! ಸರಿಯಾಗಿ ಹದಿನಾಲ್ಕು! ನನ್ನ ಮೇಜಿನ ಕೆಳಗಿರುವಷ್ಟೇ!

ಇವತ್ತಿನ ಎತ್ತರವನ್ನೂ ಕೇಳಿಬಿಡಿ. 2018ರಲ್ಲಿ ಅಮೆಜಾನ್ ಫೈರ್‌ಕ್ರ್ಯಾಕರ್ ಎಂಬ ಪುಟಾಣಿಯನ್ನು ಹೊರತಂದಿತು. ಅಡಿಪಾಯ ಅದೇ ಕೆವಿಎಂ. ಒಂದು ಅತಿಥಿ ಎದ್ದು ನಿಲ್ಲಲು 125 ಮಿಲಿಸೆಕೆಂಡು. ಪ್ರತಿ ಅತಿಥಿಯ ಮೇಲ್ಖರ್ಚು 5 ಎಂಬಿಗೂ ಕಡಿಮೆ. ಒಂದು ಹೋಸ್ಟ್ ಒಂದು ಸೆಕೆಂಡಿಗೆ ಹುಟ್ಟಿಸಬಲ್ಲ ಕಂಪ್ಯೂಟರ್‌ಗಳು?

150! ಪಟಾಕಿ ಸರದಂತೆ!

ಕೊನೆಯ ಪ್ರಶ್ನೆ. ಇಷ್ಟೆಲ್ಲ ವೇಷ ಹಾಕಿ, ಬರೆದು, ಹೆಪ್ಪುಗಟ್ಟಿಸಿ, ದಾಟಿಸಿ ನಡೆಸುವ ಅತಿಥಿ ಒಂದು ದಿನ ತಲೆಯೆತ್ತಿ ಕೇಳಿದರೆ? ನಾನು ನಿಜವಾದ ಕಂಪ್ಯೂಟರೇ, ಇಲ್ಲಾ ಯಾರಾದರೂ ಬರೆದದ್ದೇ ಎಂದು ಪ್ರೊಸೆಸರ್‌ನನ್ನೇ ವಿಚಾರಿಸಿದರೆ? ಕೆವಿಎಂ ಸುಳ್ಳು ಹೇಳುತ್ತದೆಯೇ?

ಪಾರಿಜಾತದೊಳಗೆ ಹೋಗಿ ಕೇಳಿದೆ. ಪ್ರೊಸೆಸರ್ ತನ್ನ ಪರಿಚಯ ಹೇಳುವ 'ಸಿಪಿಯುಐಡಿ' ಎಂಬ ಆಜ್ಞೆಯಿದೆ. ಅದರಲ್ಲಿ ಒಂದು ಗೊತ್ತಾದ ಅಂಕಿ ಕೊಟ್ಟು ಕೇಳಿದರೆ ಹನ್ನೆರಡು ಅಕ್ಷರದ ಜಾಗದಲ್ಲಿ ಉತ್ತರ ಬರುತ್ತದೆ. ತಂತ್ರಜ್ಞರು ಆ ಉತ್ತರವನ್ನು ಕರೆಯುವುದೇ ರುಜು ಎಂದು! ಉಸಿರು ಬಿಗಿಹಿಡಿದು ನೋಡಿದೆ.

ಮೂರು ಅಕ್ಷರ. ಮೂರು ಸಲ. ಕೆವಿಎಂ, ಕೆವಿಎಂ, ಕೆವಿಎಂ!

ಬರೆದ ಕಂಪ್ಯೂಟರಿನ ಎದೆಯಲ್ಲಿ ಬರೆದವರ ರುಜು! ಸುಳ್ಳಿಲ್ಲ, ಮುಚ್ಚುಮರೆಯಿಲ್ಲ. ಕೇಳಿದವರಿಗೆ ಹೇಳುತ್ತದೆ, ಅಷ್ಟೇ.

ನೀವೂ ಕೇಳಿ! ಯಾವುದಾದರೂ ಲಿನಕ್ಸ್ ಸರ್ವರ್‌ಗೆ ಲಾಗಿನ್ ಆದಾಗ 'ಸಿಸ್ಟಂಡಿ-ಡಿಟೆಕ್ಟ್-ವರ್ಟ್' ಎಂದು ಟೈಪ್ ಮಾಡಿ. 'ನನ್' ಎಂದು ಬಂದರೆ ನೀವು ಮನೆಯೊಡೆಯನ ಅಂಗಳದಲ್ಲಿ ನಿಂತಿದ್ದೀರಿ. 'ಕೆವಿಎಂ' ಎಂದು ಬಂದರೆ?

ಆ ಇಡೀ ಕಂಪ್ಯೂಟರ್ ಎಲ್ಲೋ ಇನ್ನೊಂದು ಪರದೆಯ ಮೇಲೆ ಒಂದು ಸಾಲು!